ಯಾನಜ ಗ್ರಹಣೀಮೀಮಾಂಸೆ

ಸಮಸ್ತ ಚರಾಚರ ಪ್ರಪಂಚವು ಗತಿಶೀಲವಾದುದೆಂದೂ, ಆ ಗತಿಯು ಬಾಹ್ಯ, ಆಭ್ಯಂತರ ಎಂದು ದ್ವಿವಿಧವೆಂದೂ, ಇವೆರಡೂ ಏಕಕಾಲದಲ್ಲಿ ಏಕಶರೀರದಲ್ಲಿ ಸಂಭವಿಸುವ ಅವಸ್ಥೆಗೆ ಗ್ರಹಣಿಯೆಂಬ ಕರುಳಿನ ಬೇನೆಯಿಂದ ಪೀಡಿತನಾದವನ ಬಸ್ ಪ್ರಯಾಣವೆಂಬ ಸಂಜ್ಞೆಯೆಂದೂ ಪ್ರಾಜ್ಞರು ಅರಿಯತಕ್ಕದ್ದು.

ಈ ವಿಷಯದಲ್ಲಿ ಪೂರ್ವಾಚಾರ್ಯರ ಮೌನವು ಶೋಚನೀಯವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯವು ಗ್ರಹಣಿಯನ್ನು ವಾತಜ, ಪಿತ್ತಜ, ಕಫಜ, ಸಾನ್ನಿಪಾತಿಕ ಎಂದು ನಾಲ್ಕಾಗಿ ವಿಂಗಡಿಸಿ, ತಕ್ರವನ್ನು, ಎಂದರೆ ನಮ್ಮ ಮಜ್ಜಿಗೆಯನ್ನು, ಬಹುವಾಗಿ ಪ್ರಶಂಸಿಸಿತಾದರೂ, ಅದನ್ನು ಕುಡಿದವನು ಶಿರಾಡಿ ಘಾಟಿಯ ನಡುವೆ ಏನು ಮಾಡಬೇಕೆಂಬುದನ್ನು ಹೇಳದೆ ಬಿಟ್ಟಿತು. ಆಧುನಿಕರಾದರೋ 2016ರ ರೋಮ್ ಮಾನದಂಡಗಳಲ್ಲಿ ಇಂಥ ಬೇನೆಗಳನ್ನು ಕರುಳು ಮಿದುಳುಗಳ ಪರಸ್ಪರ ವ್ಯವಹಾರದ ದೋಷವೆಂದು ನಿರೂಪಿಸಿದರು. ಆ ವ್ಯವಹಾರದಲ್ಲಿ ಚಾಲಕನೆಂಬ ಮೂರನೆಯ ಪಕ್ಷವೊಂದುಂಟೆಂಬುದು ಅವರಿಗೂ ಹೊಳೆಯಲಿಲ್ಲ. ಈ ನ್ಯೂನತೆಯನ್ನು ನೀಗಲೋಸುಗ ಪ್ರಸ್ತುತ ಲೇಖಕನು ಐದನೆಯದಾದ ‘ಯಾನಜ ಗ್ರಹಣಿ’ಯನ್ನು ಪ್ರತಿಪಾದಿಸುತ್ತಿದ್ದಾನೆ. ಟಿಕೆಟ್ ಕಾದಿರಿಸಿದ ರಾತ್ರಿಯೇ ಹೊಟ್ಟೆ ಗುಡುಗುಟ್ಟುವುದು ಇದರ ಪೂರ್ವರೂಪ. ಕಂಡಕ್ಟರು ಬಾಗಿಲೆಳೆದು ‘ರೈಟ್’ ಎಂದೊಡನೆ ಶೂಲೆಯೇಳುವುದು ರೂಪ. ಸಹಪ್ರಯಾಣಿಕರ ಹಿತೋಪದೇಶವು ಉಪದ್ರವ.

ಹಿತೋಪದೇಶಕರು ಸಪ್ತವಿಧರು. ಪ್ರಥಮನು ಕದಳೀವಾದಿ. ಬಾಳೆಹಣ್ಣು ಹೊಟ್ಟೆಯನ್ನು ಕಟ್ಟುತ್ತದೆಂದು ಇವನೂ, ಸಡಿಲಿಸುತ್ತದೆಂದು ಹಿಂದಿನ ಸೀಟಿನವನೂ ಹೂಡಿದ ವಾಕ್ಯಾರ್ಥವು ನೆಲಮಂಗಲದಲ್ಲಿ ಆರಂಭವಾಗಿ ಕುಣಿಗಲ್ಲು ದಾಟಿದರೂ ತೀರದು. ದ್ವಿತೀಯನು ಹಿಂಗ್ವಷ್ಟಕ ಚೂರ್ಣವಾದಿ. ಶುಂಠಿ, ಮೆಣಸು, ಹಿಪ್ಪಲಿ, ಓಮ, ಸೈಂಧವ, ಜೀರಿಗೆ, ಕರಿಜೀರಿಗೆ, ಇಂಗು ಎಂದು ಎಂಟನ್ನೂ ಬೆರಳು ಮಡಿಸಿ ಎಣಿಸಿ, ಅದನ್ನು ಅನ್ನದ ಮೊದಲ ತುತ್ತಿಗೇ ತುಪ್ಪದೊಡನೆ ಕಲಸಿ ಸೇವಿಸತಕ್ಕದ್ದೆಂದು ವಿಧಿಸುವ ಈತನನ್ನು, ಸ್ವಾಮೀ, ಅರ್ಧರಾತ್ರಿಯ ಬಸ್ಸಿನಲ್ಲಿ ಅನ್ನವೆಲ್ಲಿ, ತುಪ್ಪವೆಲ್ಲಿ ಎಂದು ಕೇಳಿದರೆ, ಶಾಸ್ತ್ರದಲ್ಲಿರುವುದನ್ನು ಹೇಳಿದ್ದೇನೆ ಎಂದು ಮುಸುಕೆಳೆದುಕೊಳ್ಳುವನು. ತೃತೀಯನು ಇಸಬಗೋಲಿನವನು. ನೀರನ್ನು ಹೀರಿ ಉಬ್ಬಿ ಲೋಳೆಯಾಗುವ ಗುಣದಿಂದ ಆ ಹೊಟ್ಟು ಮಲಬದ್ಧತೆಗೂ ಭೇದಿಗೂ ಸಲ್ಲುವುದೆಂಬ ಅವನ ಮಾತು ದಿಟವೇ. ಆದರೆ ಜೊತೆಗೆ ತುಂಬಿದ ಲೋಟ ನೀರು ಬೇಕು, ಆ ನೀರು ಮುಂದೆ ತನ್ನದೇ ಪ್ರಶ್ನೆಯನ್ನೆತ್ತುವುದು. ಉಳಿದ ನಾಲ್ವರು ಯಾರೆಂದು ಓದುಗರು ವಿಚಾರಿಸಬಾರದು. ಸಂಖ್ಯೆಯು ಹಿರಿದಾದಷ್ಟೂ ಗ್ರಂಥಕ್ಕೆ ಘನತೆಯೆಂದು ಏಳು ಎಂದದ್ದು.

ಇನ್ನು ಪಥ್ಯಪ್ರಕರಣ. ವೈದ್ಯರು ಕೊಡುವ ಅಚ್ಚಾದ ಹಾಳೆಯಲ್ಲಿ ಎರಡೆರಡು ಗಂಟೆಗೊಮ್ಮೆ ಮಿತಾಹಾರವೆಂದೂ, ಈರುಳ್ಳಿ ಬೆಳ್ಳುಳ್ಳಿಗಳು ವರ್ಜ್ಯವೆಂದೂ, ಮನಸ್ಸು ಸದಾ ಪ್ರಫುಲ್ಲವಾಗಿರತಕ್ಕದ್ದೆಂದೂ ಇರುತ್ತದೆ. ವರ್ಜ್ಯವೆಂಬುದಕ್ಕೆ ಕಾರಣವುಂಟು: ಆ ಗೆಡ್ಡೆಗಳಲ್ಲಿರುವ ಫ್ರಕ್ಟಾನುಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಗಳ ಕೈಗೆ ಸಿಕ್ಕಿ ಹುದುಗಿ, ವಾಯುವನ್ನೆಬ್ಬಿಸುತ್ತವೆ. ಈ ಜ್ಞಾನದಿಂದ ಸನ್ನದ್ಧನಾದ ರೋಗಿಯು ಹೆದ್ದಾರಿಯ ಹೋಟೆಲಿನಲ್ಲಿ ಇಳಿಯುತ್ತಾನೆ.

“ಈರುಳ್ಳಿ ಹಾಕದ್ದು ಏನಿದೆಯಪ್ಪಾ?”

“ಇಡ್ಲಿ ಇದೆ ಸಾರ್. ಸಾಂಬಾರಲ್ಲಿ ಮಾತ್ರ ಈರುಳ್ಳಿ ಇರುತ್ತೆ.”

“ಚಟ್ನಿ?”

“ಅದಕ್ಕೆ ಬೆಳ್ಳುಳ್ಳಿ.”

“ಹಾಗಾದರೆ ಬರೀ ಇಡ್ಲಿ ಕೊಡು.”

“ಬರೀ ಇಡ್ಲಿ ಯಾರು ತಿಂತಾರೆ ಸಾರ್?” ಎಂದು ಆ ಹುಡುಗನು ಮನಃಪೂರ್ವಕವಾದ ಮರುಕದಿಂದ ಕೇಳುವಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸುತ್ತದೆ. ಮನಸ್ಸಿನ ಪ್ರಫುಲ್ಲತೆಗೆ ಸಂಬಂಧಪಟ್ಟ ವಿಧಿಯನ್ನು ಇಲ್ಲಿ ವಿಚಾರಿಸುವುದಿಲ್ಲ.

ಅದೇ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನವೇಗಾನ್ಧಾರಣೀಯವೆಂಬ 7ನೆಯ ಅಧ್ಯಾಯವಿದೆ. ತಡೆಹಿಡಿಯಬಾರದ 13 ವೇಗಗಳನ್ನು ಅದು ಹೆಸರಿಸುತ್ತದೆ. ಅವುಗಳಲ್ಲಿ ಸೀನು, ತೇಗು, ಆಕಳಿಕೆಗಳಿಗೆ ನಮ್ಮ ಬಸ್ಸುಗಳಲ್ಲಿ ಸಂಪೂರ್ಣ ಸ್ವಾತಂತ್ರ್ಯವಿರುವುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಮಲಮೂತ್ರಗಳ ಮಾತೆತ್ತಿದರೆ ಮಾತ್ರ, “ಈಗ ತಾನೆ ಹಾಸನ ಬಿಟ್ವಲ್ಲ, ಅಲ್ಲೇ ಮುಗಿಸ್ಕೋಬಾರ್ದಿತ್ತಾ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಉತ್ತರ ಬರುತ್ತದೆ. ಬೇನೆ ಬಿದ್ದ ಕರುಳು ವೇಳಾಪಟ್ಟಿಯನ್ನು ಓದಲಾರದಯ್ಯಾ!

ಗಂಡಸು ಹೇಗೋ ಪೊದೆಯ ಮರೆ ಸೇರುತ್ತಾನೆ. ಹೆಂಗಸು? ಸಂಜೆಯ ಬಸ್ಸಿಗೆ ಬೆಳಗಿನಿಂದಲೇ ಸಿದ್ಧವಾಗುವ ಹೆಂಗಸರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಸಿದ್ಧತೆಯೆಂದರೆ ಉಣ್ಣದಿರುವುದು, ನೀರು ಮುಟ್ಟದಿರುವುದು. ಹಸಿವೂ ಬಾಯಾರಿಕೆಯೂ ಆ 13ರಲ್ಲಿಯೇ ಸೇರಿವೆ, ಕಣ್ಣೀರೂ ಸೇರಿದೆ. ಭೇದಿಯಿಂದ ಬಳಲುವವರಿಗೆ ನೀರು ಸಕ್ಕರೆ ಉಪ್ಪುಗಳ ದ್ರಾವಣವು ಜೀವದಾನವೆಂಬುದನ್ನು 1971ರಲ್ಲಿಯೇ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ತೋರಿಸಿಕೊಟ್ಟರು. ಆ ಪೊಟ್ಟಣ ಇಂದು ಯಾವ ಔಷಧಿ ಅಂಗಡಿಯಲ್ಲಾದರೂ ಸಿಗುತ್ತದೆ, ಇವರ ಕೈಚೀಲದಲ್ಲಿಯೂ ಇರುತ್ತದೆ, ಆದರೆ ಕುಡಿಯುವ ಧೈರ್ಯವಿಲ್ಲ. ಬಸ್ಸು ನಿಂತ ಕಡೆಯಲ್ಲಿ ಶೌಚಾಲಯವೇನೋ ಇದೆ. ಚಿಲಕ ಕಿತ್ತುಹೋಗಿದೆ, ನಲ್ಲಿಯಲ್ಲಿ ನೀರಿಲ್ಲ, ಹೊರಗೆ ಮೇಜು ಹಾಕಿಕೊಂಡವನು ಚಿಲ್ಲರೆಯನ್ನೇ ಕೊಡಿರೆಂದು ಹಟ ಹಿಡಿದಿದ್ದಾನೆ. ಇಬ್ಬರಾಗಿ ಬಂದ ಹೆಂಗಸರಲ್ಲಿ ಒಬ್ಬಳು ಒಳಗೆ ಹೋಗುತ್ತಾಳೆ, ಇನ್ನೊಬ್ಬಳು ಹೊರಗಿನಿಂದ ಬಾಗಿಲನ್ನು ಎಳೆದು ಹಿಡಿದು ನಿಲ್ಲುತ್ತಾಳೆ. ಒಂಟಿಯಾಗಿ ಬಂದವಳು ಬಾಗಿಲನ್ನೊಮ್ಮೆ ನೋಡಿ ಬಸ್ಸಿಗೆ ಹಿಂದಿರುಗುತ್ತಾಳೆ. ಇವಳಿಗೆ ಯಾವ ಚೂರ್ಣವನ್ನು ಬರೆದುಕೊಡುತ್ತೀರಿ? ವಾತಜವೆನ್ನುತ್ತೀರೋ, ಪಿತ್ತಜವೆನ್ನುತ್ತೀರೋ?

ಶಾಸ್ತ್ರಗ್ರಂಥವು ಫಲಶ್ರುತಿಯೊಡನೆ ಸಮಾಪ್ತವಾಗುವುದು ಸಂಪ್ರದಾಯ. ಇದನ್ನು ಪಠಿಸಿದವರಿಗೆ ಬೇಡಿದಲ್ಲಿ ಬಸ್ಸು ನಿಲ್ಲುವುದೆಂದು ಬರೆಯಲು ಲೇಖಕನಿಗೆ ಕೈ ಬಾರದ ಕಾರಣ, ಈ ರಸ್ತೆಗಳನ್ನೂ ನಿಲ್ದಾಣಗಳನ್ನೂ ಆಳುವ ಮಹನೀಯರು ಒಂದು ರಾತ್ರಿ ಕಾರನ್ನು ಮನೆಯಲ್ಲಿ ಬಿಟ್ಟು, ಎರಡು ಲೋಟ ಮಜ್ಜಿಗೆ ಕುಡಿದು, ಕಡೆಯ ಸೀಟಿನಲ್ಲಿ ಕುಳಿತು ಘಟ್ಟವಿಳಿದ ಮೇಲೆ ಆ ಭಾಗವನ್ನು ಅವರಿಂದಲೇ ಬರೆಸತಕ್ಕದ್ದು.