ಏಳು ಗಂಟೆಯ ಸೊಳ್ಳೆ

ನಮ್ಮ ಮನೆಯ ಜಗಲಿಯಲ್ಲಿ ದಿನಾ ಸಂಜೆ ಐದೂವರೆಗೆ ಸೇರುವ ಸಭೆಗೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ನಡಾವಳಿ ಪುಸ್ತಕವಿಲ್ಲ. ನಿವೃತ್ತ ಗಣಿತದ ಮೇಷ್ಟ್ರು, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಧಾರವಾಡದ ದೇಸಾಯರು, ವಕೀಲಿ ಬಿಟ್ಟರೂ ವಾದ ಬಿಡದ ಗೌಡರು ಮತ್ತು ನಾನು, ಇಷ್ಟೇ ಕೋರಂ. ಮೈಸೂರಿನ ರಸ್ತೆಗುಂಡಿಯಿಂದ ಹಿಡಿದು ಅಮೆರಿಕದ ಅಧ್ಯಕ್ಷರವರೆಗೆ ಯಾವುದನ್ನೂ ನಾವು ತೀರ್ಮಾನ ಮಾಡದೆ ಬಿಟ್ಟವರಲ್ಲ. ವಂದನಾರ್ಪಣೆ ಒಂದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಅದನ್ನು ಸೊಳ್ಳೆ ಮಾಡುತ್ತಿತ್ತು.

ಚಾಮುಂಡಿ ಬೆಟ್ಟದ ಮೇಲೆ ದೀಪ ಹತ್ತುವ ಹೊತ್ತಿಗೆ ಸರಿಯಾಗಿ ಮೇಷ್ಟ್ರ ಹರಡಿನ ಮೇಲೆ ಮೊದಲನೆಯ ಚಟೀರ್ ಕೇಳಿಸುತ್ತಿತ್ತು. ಆಮೇಲೆ ಗೌಡರ ಕತ್ತಿನ ಮೇಲೊಂದು. ಮಾತಿಗೊಂದು ಚಪ್ಪಾಳೆ ಬೀಳತೊಡಗಿದರೆ ಸಭೆ ಮುಗಿಯಿತೆಂದೇ ಲೆಕ್ಕ. ಏಳು ಗಂಟೆಗೆ ಅದು ಕಿವಿಯ ಹತ್ತಿರ ಬಂದು ‘ಏಳು’ ಅನ್ನುತ್ತಿತ್ತು; ನಾವು ಏಳುತ್ತಿದ್ದೆವು.

ಮೈಸೂರಿನವನಾದ ನನಗೆ ಅದು ಸೊಳ್ಳೆ. ಕುಂದಾಪುರದ ನನ್ನಾಕೆಗೆ ನುಸಿ. ದೇಸಾಯರಿಗೆ ಗುಂಗಾಡು. 1956ರಲ್ಲಿ ಏಕೀಕರಣವಾದರೂ ಹೆಸರಿನಲ್ಲಿ ಒಮ್ಮತ ಬಂದಿಲ್ಲ. ಕಡಿತ ಮಾತ್ರ ಅಖಂಡ ಕರ್ನಾಟಕಕ್ಕೆ ಒಂದೇ.

ಮನೆಯೊಳಗಿನ ಸೊಳ್ಳೆಗೆ ಪರದೆಯಿದೆ, ಗೋಡೆಗೆ ಸಿಕ್ಕಿಸುವ ಯಂತ್ರವಿದೆ. ಬಯಲಿನ ಸೊಳ್ಳೆಗೆ ಏನು ಮಾಡುವುದು? ಮೊದಲು ಅಜ್ಜಿಯ ಕಾಲದ ಉಪಾಯ ಹಿಡಿದೆ. ಹಳೆಯ ಬಾಣಲೆಯಲ್ಲಿ ಕೆಂಡ, ತೆಂಗಿನ ಸಿಪ್ಪೆ, ಮೇಲೊಂದು ಹಿಡಿ ಬೇವಿನ ಸೊಪ್ಪು. ಸೊಳ್ಳೆ ಹೋಯಿತು, ಜೊತೆಗೆ ದೇಸಾಯರೂ ಹೊರಟರು. “ಏನ್ರೀ ಇದು, ಹರಟಿಗೆ ಕರದೀರೊ, ಹೋಮಕ್ಕ ಕರದೀರೊ?” ಎಂದು ಕಣ್ಣೊರೆಸಿಕೊಂಡರು.

ಆಮೇಲೆ ಕಾಯಿಲ್. ಇದನ್ನು ಕಂಡುಹಿಡಿದವರು ಜಪಾನಿನ ಉಯೆಯಾಮಾ ಎಂಬ ವ್ಯಾಪಾರಿ ಎಂದು ಓದಿದ್ದೇನೆ. ಸೇವಂತಿಗೆಯ ನೆಂಟನಾದ ಪೈರೆಥ್ರಮ್ ಹೂವಿನ ಪುಡಿ ಕಲಸಿ ಅವರು ಮೊದಲು ಮಾಡಿದ್ದು ಊದುಬತ್ತಿಯಂಥ ಕಡ್ಡಿ. ಅದು 40 ನಿಮಿಷಕ್ಕೆ ಉರಿದು ಮುಗಿಯುತ್ತಿತ್ತು. 1895ರಲ್ಲಿ ಅವರ ಹೆಂಡತಿ ಯೂಕಿ, ಸುರುಳಿ ಸುತ್ತಿ ಮಲಗಿದ್ದ ಹಾವನ್ನು ನೋಡಿ, ಕಡ್ಡಿಯನ್ನೂ ಹಾಗೆ ಸುತ್ತಬಾರದೇಕೆ ಎಂದರಂತೆ. ಈ ಕತೆಯನ್ನು ನನ್ನಾಕೆಗೆ ಹೇಳಿ ತಪ್ಪು ಮಾಡಿದೆ. “ನೋಡಿದಿರಾ, ಬುದ್ಧಿ ಅವಳದು, ಕಂಡುಹಿಡಿದವನು ಅವನು” ಎಂದು ಈಗಲೂ ವಾರಕ್ಕೊಮ್ಮೆ ಕೇಳಿಸುತ್ತಾಳೆ. ಕಾಯಿಲ್ ಕುರ್ಚಿಯ ಕೆಳಗಿಟ್ಟರೆ ಗಾಳಿ ಬೀಸುವ ಕಡೆಯ ಕಾಲಿಗಷ್ಟೇ ರಕ್ಷಣೆ. “ಬಲಗಾಲಿಗೆ ತಡೆಯಾಜ್ಞೆ ಸಿಕ್ಕಿದೆ, ಎಡಗಾಲಿನ ಅರ್ಜಿ ವಜಾ ಆಗಿದೆ” ಎಂದರು ಗೌಡರು. ಸೊಳ್ಳೆ ಬ್ಯಾಟು ಕೊಟ್ಟರೆ ಮೇಷ್ಟ್ರು ಮಾತು ಬಿಟ್ಟು ಸ್ಕೋರು ಬರೆಯಲು ಕೂತರು. ಕಿವಿಗೆ ಕೇಳದ ಶಬ್ದದಿಂದ ಸೊಳ್ಳೆ ಓಡಿಸುತ್ತೇನೆನ್ನುವ ಒಂದು ಡಬ್ಬಿಯನ್ನೂ ಕೊಂಡೆ. ಅಂಥವುಗಳಿಂದ ಏನೂ ಉಪಯೋಗವಿಲ್ಲವೆಂದು ತಿಳಿದವರು ಎಂದೋ ಪರೀಕ್ಷಿಸಿ ಹೇಳಿಬಿಟ್ಟಿದ್ದಾರೆ. ನಾನು ಓದಿದ್ದು ಕೊಂಡ ಮೇಲೆ. ಆ ಶಬ್ದ ನಮಗೂ ಕೇಳಲಿಲ್ಲ, ಸೊಳ್ಳೆಯೂ ಕೇಳಲಿಲ್ಲ.

ಹೀಗಿರುವಾಗ ಮಗಳ ಮನೆಗೆಂದು ಅಮೆರಿಕದ ಮಿನೆಸೋಟಾಕ್ಕೆ ಹೋದೆವು. ಹತ್ತು ಸಾವಿರ ಕೆರೆಗಳ ನಾಡೆಂದು ಅಲ್ಲಿಯವರು ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡಿದ್ದಾರೆ. ಅಷ್ಟು ಕೆರೆಯಿದ್ದ ಮೇಲೆ ಉಳಿದದ್ದನ್ನು ಹೇಳಬೇಕೆ? ಆ ರಾಜ್ಯದ ಪಕ್ಷಿ ಲೂನ್ ಎಂಬ ನೀರುಹಕ್ಕಿ. ಆದರೆ ಊರವರು ನಗುತ್ತ, ನಮ್ಮ ರಾಜ್ಯಪಕ್ಷಿ ಸೊಳ್ಳೆ ಅನ್ನುತ್ತಾರೆ. ಮೊದಲ ಸಂಜೆಯೇ ಒಂದು ಬಂದು ನನ್ನ ಮೊಣಕೈ ಮೇಲೆ ಕೂತಿತು. ಹೊಡೆಯುವುದೋ, ಕಾಳು ಹಾಕುವುದೋ ಎಂದು ನಾನು ಯೋಚಿಸುವಷ್ಟು ದೊಡ್ಡದಿತ್ತು.

ಅಳಿಯ ಒಳಗಿನಿಂದ ಟಾರ್ಚಿನಷ್ಟಿದ್ದ ಒಂದು ಯಂತ್ರ ತಂದಿಟ್ಟ. “ಹದಿನೈದು ನಿಮಿಷ ಸುಮ್ಮನೆ ಕೂತಿರಿ ಮಾವ” ಎಂದ. ಹೊಟ್ಟೆಯೊಳಗೆ ಬೆರಳುದ್ದದ ಬ್ಯೂಟೇನ್ ಗ್ಯಾಸಿನ ಕೊಳವೆ. ತಲೆಯ ಮೇಲೆ ಜಾಲರಿ, ಅದರ ಕೆಳಗೊಂದು ನೀಲಿ ಮ್ಯಾಟು. ಗ್ಯಾಸಿನ ಶಾಖಕ್ಕೆ ಮ್ಯಾಟಿನಲ್ಲಿರುವ ಅಲೆಥ್ರಿನ್ ಆವಿಯಾಗಿ ಸುತ್ತ ಹರಡುತ್ತದೆ. ವೈರಿಲ್ಲ, ಹೊಗೆಯಿಲ್ಲ, ಮೈಗೆ ಹಚ್ಚುವ ಜಿಡ್ಡಿಲ್ಲ. ಯಂತ್ರದಿಂದ ಹದಿನೈದು ಅಡಿ ಸೊಳ್ಳೆಗೆ ಪ್ರವೇಶವಿಲ್ಲ. ಈ ಅಲೆಥ್ರಿನ್ ಬೇರೇನೂ ಅಲ್ಲ, ಯೂಕಿಯಮ್ಮನ ಹೂವಿನ ಸತ್ವವನ್ನೇ ಅನುಕರಿಸಿ 1949ರಲ್ಲಿ ಅಮೆರಿಕದ ವಿಜ್ಞಾನಿಗಳು ಕಾರ್ಖಾನೆಯಲ್ಲಿ ಮಾಡಬಹುದಾದಂತೆ ತಯಾರಿಸಿದ್ದು. ನಮ್ಮ ಅಂಗಡಿಗಳ ಕಾಯಿಲಿನಲ್ಲೂ ಮ್ಯಾಟಿನಲ್ಲೂ ಇದ್ದದ್ದು ಇದೋ, ಇದರ ಅಣ್ಣತಮ್ಮಂದಿರೋ. ಅಂದರೆ ನಮ್ಮೂರ ಹಳೆಯ ಪರಿಚಯವೇ ಅಮೆರಿಕಕ್ಕೆ ಹೋಗಿ ಪ್ಯಾಂಟು ಹಾಕಿಕೊಂಡಿತ್ತು.

ಹೊರಡುವಾಗ ಮಗಳು ಅಂಥದ್ದೊಂದನ್ನು ನನಗೆ ಕೊಡಿಸಿದಳು. ಆದರೆ ಬ್ಯೂಟೇನ್ ಕೊಳವೆಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ಕೆಳಗೆ ಹಾಕುವ ಪೆಟ್ಟಿಗೆಯಲ್ಲೂ ಇಲ್ಲ. ಹಾಗಾಗಿ ಗ್ಯಾಸಿಲ್ಲದ ಒಲೆ ಹೊತ್ತು ಸಾಗರ ದಾಟಿದ ಮೊದಲ ಕನ್ನಡಿಗ ನಾನೇ ಇರಬೇಕು.

ಇಲ್ಲಿ ಬಂದು ಯಾರ್ಯಾರನ್ನೋ ಹಿಡಿದು ಕೊಳವೆ ಸಂಪಾದಿಸಿದ ಮೇಲೆ ನಿಜವಾದ ಲೆಕ್ಕ ಶುರುವಾಯಿತು. ಒಂದು ಕೊಳವೆ ಗ್ಯಾಸು 12 ಗಂಟೆಗೆ, ಒಂದು ಮ್ಯಾಟು 4 ಗಂಟೆಗೆ. ಒಂದು ಪೊಟ್ಟಣದಲ್ಲಿ ಒಂದು ಕೊಳವೆ, ಮೂರು ಮ್ಯಾಟು. ಅಮೆರಿಕದಲ್ಲೇ ಅದಕ್ಕೆ ಏಳೆಂಟು ಡಾಲರು. ಮೇಷ್ಟ್ರು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. ಸಭೆ ಒಂದೂವರೆ ಗಂಟೆ, ಬಿಸಿಯಾಗಲು ಕಾಲು ಗಂಟೆ, ಮೂವತ್ತು ದಿನಕ್ಕೆ ಐವತ್ತೆರಡೂವರೆ ಗಂಟೆ. ತಿಂಗಳಿಗೆ ಸುಮಾರು ನಾಲ್ಕೂವರೆ ಪೊಟ್ಟಣ. “ನಿಮ್ಮ ಮನೆಯ ಹಾಲಿನ ಲೆಕ್ಕಕ್ಕೆ ಸಮ ಆಗುತ್ತೆ ನೋಡಿ” ಎಂದರು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಅಲ್ಲಿಯತನಕ ಗಾದೆಯೆಂದುಕೊಂಡಿದ್ದೆ, ಅದು ಅಂಕಗಣಿತ.

ಖರ್ಚು ಇಳಿಸುವ ಸಂಶೋಧನೆಗೆ ಇಳಿದೆ. ಒಂದು ಸಂಜೆಗೆ ಒಂದು ಮ್ಯಾಟು ಎಂದು ಮೊದಲು ಎಸೆಯುತ್ತಿದ್ದೆ. ಅದು ಪೂರ್ತಿ ಬಿಳಿಯಾಗುವವರೆಗೆ ದುಡಿಯುತ್ತದೆ. ನೀಲಿ ಉಳಿದಿದ್ದರೆ ತೆಗೆದು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಮಾರನೆಯ ದಿನ ಹಾಕಿದರಾಯಿತು. ಹೀಗೆ ಮ್ಯಾಟಿನಲ್ಲಿ ಉಳಿತಾಯವಾಯಿತು. ಗ್ಯಾಸಿನಲ್ಲಿ? ಖಾಲಿ ಕೊಳವೆಗೆ ಲೈಟರಿಗೆ ತುಂಬುವ ಗ್ಯಾಸು ತುಂಬಿಸಿದರೆ ಹೇಗೆ ಎಂಬ ದುರ್ಬುದ್ಧಿ ಹೊಳೆಯಿತು. ಜಗಲಿಯಲ್ಲಿ ಇಕ್ಕಳ, ಸ್ಕ್ರೂಡ್ರೈವರ್ ಹರಡಿಕೊಂಡು ಕೂತಿದ್ದೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿದಳು. “ತಿಗಣೆ ಕಾಟಕ್ಕೆ ಮನೆ ಸುಟ್ಟರಂತೆ. ನೀವು ನುಸಿ ಕಾಟಕ್ಕೆ ಸುಡ್ತೀರಿ, ಅಷ್ಟೇ ವ್ಯತ್ಯಾಸ” ಎಂದಳು. ಒಮ್ಮೆ ತುಂಬಿ ಎಸೆಯಲೆಂದು ಮಾಡಿದ ಕೊಳವೆಗೆ ಮತ್ತೆ ತುಂಬಿದರೆ ಎಲ್ಲಿ ಸೋರುತ್ತದೆಂದು ಹೇಳುವವರಿಲ್ಲ. ಸೋರಿದ ಗ್ಯಾಸು ಒಳಗೆ ಉರಿಯುವ ಬರ್ನರಿನ ಪಕ್ಕದಲ್ಲೇ ಇರುತ್ತದೆ. ಇಕ್ಕಳ ಪೆಟ್ಟಿಗೆಗೆ ಹೋಯಿತು.

ಕೊನೆಗೆ ಸಿಕ್ಕಿದ್ದು ಬಡವನ ದಾರಿ. ಮೊಬೈಲ್ ಚಾರ್ಜರಿನ ವೈರಿನಿಂದ ನಡೆಯುವ ಅಂಗೈ ಅಗಲದ ಮ್ಯಾಟ್ ಹೀಟರ್. ಐದು ವ್ಯಾಟಿನ ಆಸಾಮಿ. ಹತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಐದು ಗಂಟೆ, ಅಂದರೆ ಮೂರು ಸಂಜೆ ಬರುತ್ತದೆ. ಅಂಗಡಿಯ ಮಾಮೂಲಿ ಮ್ಯಾಟು ಸಾಕು. ಕಸುವು ಆ ಗ್ಯಾಸಿನ ಯಂತ್ರದಷ್ಟಿಲ್ಲ. ಆದರೆ ನಾವೂ ಮಿನೆಸೋಟಾದವರಷ್ಟಿಲ್ಲ. ಗ್ಯಾಸನ್ನು ಮಳೆಗಾಲಕ್ಕೂ ನೆಂಟರು ಬಂದ ದಿನಕ್ಕೂ ಮೀಸಲಿಟ್ಟು, ಉಳಿದ ದಿನ ಇದನ್ನು ನಡೆಸುವುದೆಂದು ಬಜೆಟ್ ಮಂಡಿಸಿದೆ.

ಇಷ್ಟರಲ್ಲಿ ಒಂದು ತತ್ವ ಅರ್ಥವಾಗಿತ್ತು. ಈ ಯಂತ್ರಗಳಿಗೆಲ್ಲ ಒಡೆಯ ಗಾಳಿ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ರಾಗಿಗೆ ಹೇಳಿದರು, ಸೊಳ್ಳೆ ಔಷಧಕ್ಕಲ್ಲ. ಗಾಳಿ ಬರುವ ದಿಕ್ಕಿನಲ್ಲಿ, ಕಾಲಿನ ಮಟ್ಟದಲ್ಲಿ ಇಟ್ಟರೆ ಆವಿ ನಮ್ಮನ್ನು ಹಾದು ಹೋಗುತ್ತದೆ. ಆಚೆ ಬದಿಗಿಟ್ಟರೆ ನಮ್ಮ ದುಡ್ಡಿನಲ್ಲಿ ಪಕ್ಕದ ಮನೆಯವರಿಗೆ ಸೇವೆ. ಗಾಳಿ ಜೋರಾದರೆ ಯಂತ್ರವೇ ಬೇಡ. ಸೊಳ್ಳೆ ಗಾಳಿಗೆದುರು ಹಾರಲಾರದ ಬಡಜೀವ. ಈ ಮಾತು ಕೇಳಿದ ಗೌಡರು, ಹಾಗಾದರೆ ಒಂದು ಟೇಬಲ್ ಫ್ಯಾನು ಇಟ್ಟರೇನು ಎಂದರು. ಐವತ್ತು ವ್ಯಾಟಿನ ಫ್ಯಾನು ಇಪ್ಪತ್ತು ಗಂಟೆ ತಿರುಗಿದರೆ ಒಂದು ಯೂನಿಟ್ಟು. ಇದಕ್ಕಿಂತ ಅಗ್ಗ ಯಾವುದೂ ಇಲ್ಲ. ಇಟ್ಟೆವು. ಸೊಳ್ಳೆ ಹತ್ತಿರ ಸುಳಿಯಲಿಲ್ಲ. ಮೇಷ್ಟ್ರ ಪೇಪರು, ದೇಸಾಯರ ಟೋಪಿ, ತಟ್ಟೆಯಲ್ಲಿದ್ದ ಚುರುಮುರಿ ಮೂರೂ ಅಂಗಳಕ್ಕೆ ಹೋದವು. ಒಂದು ದಿನ ಮರೆತು ಫ್ಯಾನು, ಯಂತ್ರ ಎರಡನ್ನೂ ಹಾಕಿದ್ದಕ್ಕೆ, ಇವತ್ತು ನಮ್ಮಲ್ಲಿ ಸೊಳ್ಳೆಯೇ ಇಲ್ಲವೆಂದು ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಆಶ್ಚರ್ಯಪಟ್ಟರು.

ಅಂತೂ ಯಂತ್ರ ಗೆದ್ದಿತು. ಏಳು ಹೊಡೆಯಿತು, ಯಾರೂ ಏಳಲಿಲ್ಲ. ಏಳೂವರೆಯಾಯಿತು, ಗೌಡರು 1978ರ ಒಂದು ಜಮೀನು ವ್ಯಾಜ್ಯದ ಪೀಠಿಕೆಯಲ್ಲಿದ್ದರು. ಎಂಟಕ್ಕೆ ಎರಡನೆಯ ಸುತ್ತಿನ ಕಾಫಿ ಬಂತು. ಎಂಟೂವರೆಗೆ ದೇಸಾಯರು, “ಇನ್ನ ಹೊತ್ತದ ಬಿಡ್ರಿ” ಎಂದು ಕಾಲು ಚಾಚಿದರು. ನನ್ನಾಕೆ ಅಡುಗೆಮನೆಯಿಂದ ಎರಡು ಸಲ ಕೆಮ್ಮಿದಳು, ಮೂರು ಸಲ ಪಾತ್ರೆ ಸದ್ದು ಮಾಡಿದಳು. ಸೊಳ್ಳೆಯ ಭಾಷೆ ಅರ್ಥವಾಗುತ್ತಿದ್ದವರಿಗೆ ಪಾತ್ರೆಯ ಭಾಷೆ ಅರ್ಥವಾಗಲಿಲ್ಲ.

ತಿಂಗಳ ಕೊನೆಯಲ್ಲಿ ಅವಳು ತನ್ನ ಲೆಕ್ಕದ ಪುಸ್ತಕ ತಂದು ಮುಂದಿಟ್ಟಳು. ಕಾಫಿಪುಡಿ ಒಂದೂವರೆ ಕೆಜಿ ಹೆಚ್ಚು. ಹಾಲು ದಿನಕ್ಕೆ ಅರ್ಧ ಲೀಟರ್ ಹೆಚ್ಚು. ಚುರುಮುರಿ, ಕೋಡುಬಳೆ ಪ್ರತ್ಯೇಕ ಕಾಲಂ. “ಗ್ಯಾಸಿಗೆ ಎಷ್ಟು, ಮ್ಯಾಟಿಗೆ ಎಷ್ಟು ಅಂತ ಪೈಸೆ ಪೈಸೆ ಉಳಿಸಿದಿರಲ್ಲ, ಈ ಯಂತ್ರ ಓಡೋದು ಯಾವುದರಲ್ಲಿ ಅಂತ ಈಗ ಗೊತ್ತಾಯ್ತಾ? ಡಿಕಾಕ್ಷನ್ನಲ್ಲಿ!”

ಆ ವಾರವೇ ಮೇಷ್ಟ್ರು ಹೊಸ ಕತೆ ತಂದರು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಬೆಂಗಳೂರಿನ ದಂಡಿನಲ್ಲಿದ್ದನಂತೆ. ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾದವು. ಸೈನ್ಯದ ಊಟದ ಮನೆಯಲ್ಲೂ ಹೀಗೇ ಮಾಡೋಣ ಎಂದರೆ ಅಲ್ಲಿಯ ಅಧಿಕಾರಿ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಏನೋ ಉದ್ದೇಶಕ್ಕೇ ಮಾಡಿರುತ್ತಾನೆ, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂದನಂತೆ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. “ಮೊದಲ ಪಾಠ ಆಗಿದ್ದು ನಮ್ಮ ಬೆಂಗಳೂರಲ್ಲಿ, ಬರೀ ತೊಟ್ಟಿ ಬೋರಲು ಹಾಕಿ!” ಎಂದರು ಮೇಷ್ಟ್ರು.

ನನ್ನ ಕಣ್ಣು ತಾನಾಗಿ ಕೆಳಗೆ ಹೋಯಿತು. ಯಂತ್ರ ಇಡಲು ನಾನು ಆರಿಸಿದ್ದ ಜಾಗ ನಮ್ಮಮ್ಮನ ಕಾಲದ ಒರಳುಕಲ್ಲಿನ ಅಂಚು. ಮಿಕ್ಸಿ ಬಂದ ಮೇಲೆ ಗುಂಡುಕಲ್ಲು ಎಲ್ಲೋ ಹೋಗಿ, ಒರಳು ಜಗಲಿಯ ಅಂಚಿಗೆ ಅಲಂಕಾರವಾಗಿ ಬಂದಿತ್ತು. ಟಾರ್ಚು ಹಾಕಿ ನೋಡಿದೆ. ಮಳೆನೀರಿನಲ್ಲಿ ನೂರಾರು ಮರಿಗಳು ತಲೆಕೆಳಗಾಗಿ ತೂಗುತ್ತ, ಬೆಳಕಿಗೆ ಬೆದರಿ ಡೊಂಕು ಹಾಕುತ್ತ ಮುಳುಗಿದವು. ಮೊಟ್ಟೆ ರೆಕ್ಕೆಯಾಗಲು ಎಂಟು ಹತ್ತು ದಿನ ಸಾಕು. ಅಂದರೆ ಅಮೆರಿಕದ ಯಂತ್ರ ಮೇಲೆ ಕೂತು ಓಡಿಸುತ್ತಿತ್ತು, ಅಮ್ಮನ ಒರಳು ಕೆಳಗೆ ಕೂತು ಒದಗಿಸುತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ಅವತ್ತೇ ನೀರು ಚೆಲ್ಲಿದೆವು. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ತಾರಸಿಯ ಒಡೆದ ಬಕೆಟ್ಟು ಎಲ್ಲಕ್ಕೂ ರಾಸ್ ಮರ್ಯಾದೆ ಆಯಿತು. ಪ್ರತಿ ಭಾನುವಾರ ಇದನ್ನೇ ಮಾಡುವುದೆಂದು ಠರಾವೂ ಆಯಿತು.

ಎರಡು ವಾರದಲ್ಲಿ ಜಗಲಿ ಹಗುರಾಯಿತು. ಚರಂಡಿಯ ಕಡೆಯಿಂದ ಒಂದೆರಡು ಬರುತ್ತವೆ. ಅವಕ್ಕೆ ಐದು ವ್ಯಾಟು ಸಾಕು. ಯಂತ್ರದ ಖರ್ಚು ಕಾಲುಭಾಗಕ್ಕಿಳಿಯಿತು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಸಭೆ ಈಗ ಒಂಬತ್ತಕ್ಕೆ ಮುಗಿಯುತ್ತಿತ್ತು. ನನ್ನಾಕೆ ಏನೂ ಹೇಳಲಿಲ್ಲ. ಪಾತ್ರೆಯನ್ನೂ ಸದ್ದು ಮಾಡಲಿಲ್ಲ.

ಮೊನ್ನೆ ಬೆಳಿಗ್ಗೆ ಪೇಪರು ತರಲು ಹೋದಾಗ ಒರಳಿನ ತುಂಬ ನೀರಿತ್ತು. ಅಂಚಿನವರೆಗೆ, ಯಾರೋ ಚೊಂಬಿನಲ್ಲಿ ಅಳೆದು ಹೊಯ್ದಂತೆ.

“ಇದರಲ್ಲಿ ನೀರು ಎಲ್ಲಿಂದ ಬಂತೇ?” ಎಂದು ಕೇಳಿದೆ.

ಅವಳು ರಂಗೋಲಿಯಿಂದ ತಲೆ ಎತ್ತಲಿಲ್ಲ. “ರಾತ್ರಿ ಮಳೆ ಬಂತೇನೋ” ಎಂದಳು.

ಮೈಸೂರಿಗೆ ಮಳೆ ಬಂದು ಮೂರು ವಾರವಾಗಿತ್ತು.