ಎರಡನೆಯ ಚರಣ ಕೇಳದ ಕಾಕಾ

ಗದಗ-ಬೆಟಗೇರಿಯ ಯಾವ ಓಣಿಗೆ ಹೋದರೂ ಇಂಥ ಒಬ್ಬ ಕಾಕಾ ಸಿಕ್ಕೇ ಸಿಗುತ್ತಾರೆ. ಚಹಾದಂಗಡಿಯ ರೇಡಿಯೋ ಇರಲಿ, ಟಂಟಂನ ಸ್ಪೀಕರ್ ಇರಲಿ, ಹಳೆಯ ಹಾಡೊಂದರ ಮೊದಲ ಕೊಳಲು ಕೇಳಿದ ಕೂಡಲೇ ಕೈ ಮೇಲೆತ್ತಿ "ತಡೀರಿ!" ಅನ್ನುತ್ತಾರೆ. ಹಾಡು ಕೇಳುವುದಕ್ಕಾಗಿ ಎಲ್ಲರನ್ನೂ ಸುಮ್ಮನಾಗಿಸಿದರೆಂದು ಹೊಸಬರು ತಿಳಿಯುತ್ತಾರೆ. ಹಳಬರು ಮಾತ್ರ ಇನ್ನೊಂದು ಪ್ಲೇಟ್ ಮಿರ್ಚಿ ಭಜಿ ಹೇಳಿ, ಗೋಡೆಗೆ ಆತು ಕೂಡುತ್ತಾರೆ.

"ಈ ಹಾಡು ಬಂದಾಗ ನಾವು ಲಕ್ಷ್ಮೇಶ್ವರದಾಗ ಬಾಡಿಗಿ ಇದ್ವಿ ನೋಡ್ರಿ..."

ಬಾಡಿಗೆ ಎಷ್ಟು, ಮನೆ ಮಾಲಕ ಎಂಥ ಜಿಪುಣ, ಸೋಮೇಶ್ವರ ಗುಡಿಯ ಕಡೆಯಿಂದ ಬಂದರೆ ಎಷ್ಟನೆಯ ಬಾಗಿಲು, ಆ ಮಾಲಕನ ಅಳಿಯ ಈಗ ಎಲ್ಲಿದ್ದಾನೆ ಎಂದು ಎಲ್ಲವೂ ಬರುತ್ತದೆ. ಅಳಿಯ ವರ್ಗವಾಗಿ ಬಾಗಲಕೋಟೆ ತಲುಪುವ ಹೊತ್ತಿಗೆ ಹಾಡು ಮುಗಿದು ರೇಡಿಯೋದಲ್ಲಿ ಬೀಜದ ಜಾಹೀರಾತು ಬಂದಿರುತ್ತದೆ. ಕಾಕಾನ ಸಂಗಡ ಕೂತು ಯಾವುದೇ ಹಾಡಿನ ಎರಡನೆಯ ಚರಣ ಕೇಳಿದವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಹಾಡಿದವರು ಯಾರು, ರಾಗ ಯಾವುದು ಎಂಬುದು ಕಾಕಾನಿಗೆ ಬೇಕಿಲ್ಲ. ಅವರ ಲೆಕ್ಕದಲ್ಲಿ ಹಾಡುಗಳೆಲ್ಲ ಊರವಾರು. 1972ರ 'ಬಂಗಾರದ ಮನುಷ್ಯ'ಕ್ಕೆ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್ ಎಂದು ಯಾರೋ ಹೇಳಿದರೆ, "ಇರ್ಬಹುದ್ರಿ, ಆದ್ರ ಅದು ಶಿರಹಟ್ಟಿ ಹಾಡು" ಅನ್ನುತ್ತಾರೆ. ಯಾಕೆಂದರೆ ಆ ಸಿನಿಮಾ ನೋಡಿದ್ದು ಶಿರಹಟ್ಟಿಯ ಸೋದರಮಾವನ ಜೊತೆ. ಕೊನೆಗೆ ರಾಜೀವಪ್ಪ ಊರು ಬಿಟ್ಟು ಹೊರಟಾಗ ಮಾವ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡನಂತೆ. ಅದೇ ಮಾವ ಆಸ್ತಿ ಪಾಲಾಗುವಾಗ ಮಾತ್ರ ಒಂದು ಹನಿ ಉದುರಿಸಲಿಲ್ಲ ಎಂಬಲ್ಲಿಗೆ ಆ ಹಾಡಿನ ಕಥೆ ನಿಲ್ಲುತ್ತದೆ.

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕಾಕಾನಿಗೆ ಬೀಗರ ಮನೆಯಷ್ಟು ಹತ್ತಿರ. ಕೋರಿಕೆಯ ಹಾಡಿಗೆ ಕಾರ್ಡು ಬರೆಯುವಾಗ ಮನೆಮಂದಿಯ ಹೆಸರು ಮುಗಿದ ಮೇಲೂ ಜಾಗ ಉಳಿದರೆ ಎತ್ತಿನ ಹೆಸರನ್ನೂ ಸೇರಿಸುತ್ತಿದ್ದರು. ಕಡೆಗೊಮ್ಮೆ ಎಲ್ಲರ ಹೆಸರೂ ರೇಡಿಯೋದಲ್ಲಿ ಬಂತು. ಆ ದಿನ ಇವರ ಟ್ರಾನ್ಸಿಸ್ಟರಿನ ಸೆಲ್ಲು ಸತ್ತಿತ್ತು. ಸುದ್ದಿ ತಿಳಿಸಿದವನು ಪಕ್ಕದ ಮನೆಯವನು, ಅದೂ ಇವರ ಜೊತೆ ಮಾತು ಬಿಟ್ಟವನು. ಎತ್ತಿನ ಹೆಸರು ಕೇಳಿ ತಡೆಯಲಾರದೆ ಬಂದನಂತೆ.

ಹಾಡಿನ ಬೆನ್ನು ಹತ್ತಿ ದಾರಿ ತಪ್ಪುವುದು ಈ ನೆಲದ ಹಳೆಯ ಚಾಳಿಯೇ ಇರಬೇಕು. ಭೀಮಸೇನ ಜೋಶಿ ಹುಡುಗನಾಗಿದ್ದಾಗ ಬ್ಯಾಂಡಿನವರ ಮೆರವಣಿಗೆ ಕಂಡರೆ ಹಿಂದೆ ಹಿಂದೆ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಕಡೆಗೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರು. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಆ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದ. ಹೋದವರು ಗಾನ ತಂದರು. ನಮ್ಮ ಕಾಕಾ ಹಾಡಿನ ಹಿಂದೆ ಹೋದರೆ ತರುವುದು ಹಳೇ ಬಾಡಿಗೆಯ ಚೀಟಿ.

ಕಾಕಾ ಒಮ್ಮೆ ಮಾತ್ರ ಪೇಚಿಗೆ ಸಿಕ್ಕರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಇರುಳಿನ ಸಂಗೀತ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸ್ವರ ಕೊಟ್ಟ ಜಾಗ ಅದು. ಅಲ್ಲಿ ಕೂತವರ ಕಿವಿ ಬಲು ಚುರುಕು. ವಿಲಂಬಿತ ಏಕತಾಲದ ಬಡಾ ಖ್ಯಾಲ್ ಅಂದರೆ ಕಾಕಾನಿಗೆ ಹಬ್ಬ. ಒಂದು ಆವರ್ತನ ಮುಗಿಯುವುದರೊಳಗೆ ಒಂದು ಊರು ಮುಗಿಸಬಹುದು. ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತಿದ್ದರು. ಮುಂದೆ ಕೂತಿದ್ದ ಸಣ್ಣ ವಿದ್ಯಾರ್ಥಿಯೊಬ್ಬ ತಿರುಗದೆಯೇ ಹೇಳಿದ: "ಕಾಕಾರ, ಸಮ್ ಬಂದು ಹೋತ್ರಿ, ನಿಮ್ಮ ಬಸ್ಸ ಇನ್ನೂ ಬರಲಿಲ್ಲ."

ಕಾಕಾನ ಖಜಾನೆಯ ಮುಖ್ಯ ಒಡವೆ ಎಂದರೆ 'ಸಂಪತ್ತಿಗೆ ಸವಾಲ್' ಸಿನಿಮಾದಲ್ಲಿ ರಾಜಕುಮಾರ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ಹಾಡು. ಅದು ಮುಂಡರಗಿಯದು. ಕನ್ಯೆ ನೋಡಲು ಹೋದಾಗ, ಹುಡುಗಿ ಚಹಾದ ತಾಟು ಹಿಡಿದು ಹೊಸ್ತಿಲು ದಾಟುವುದಕ್ಕೂ ಮಗ್ಗುಲ ಮನೆಯ ರೇಡಿಯೋದಲ್ಲಿ ಆ ಹಾಡು ಏಳುವುದಕ್ಕೂ ಸರಿಹೋಯಿತಂತೆ. "ಕಪ್ಪತಗುಡ್ಡದ ಗಾಳಿ ಆ ಹಾಡು ಹೊತ್ತು ತಂದಂಗಾತು" ಎಂದು ಕಣ್ಣು ಮುಚ್ಚುತ್ತಾರೆ.

ಕಾಕೂನ ನೆನಪು ಬೇರೆ. "ಹಾಡೂ ಇಲ್ಲ ಪಾಡೂ ಇಲ್ಲ. ಆವತ್ತು ಮಗ್ಗಲ ಮನಿ ಎಮ್ಮಿನ ಹಗ್ಗ ಹರಕೊಂಡು ಅಂಗಳಕ್ಕ ಬಂದಿತ್ತು. ಎಲ್ಲಾರೂ ಕೂಗಾಕ ಹತ್ತಿದ್ರು. ಇವರು ಹೆದರಿ ಕಾಟಿನ ಮ್ಯಾಲೆ ಹತ್ತಿ ನಿಂತಿದ್ರು. ನಾ ಪಾಪ ಅನ್ನಿಸಿ ಹೂಂ ಅಂದೆ."

ಸಾಕ್ಷಿ ಹೇಳಲು ಎಮ್ಮೆ ಉಳಿದಿಲ್ಲ. ನನಗಂತೂ ಕಾಕೂನ ಮಾತಿನ ಮೇಲೇ ಭರವಸೆ.

ಹೋದ ವರ್ಷ ಮಗ ಕೊಡಿಸಿದ ಮೊಬೈಲಿಗೆ ಕಾಕಾ ಅದೇ ಹಾಡನ್ನು ರಿಂಗ್‌ಟೋನ್ ಮಾಡಿಸಿಕೊಂಡಿದ್ದಾರೆ. ಅಂದಿನಿಂದ ಅವರಿಗೆ ಫೋನು ಹಚ್ಚಿ ಮಾತಾಡಿದವರಿಲ್ಲ. ಮೊನ್ನೆ ಕಟ್ಟೆಯ ಮೇಲೆ ಕೂತಿದ್ದಾಗ ಅದು ಮೊಳಗಿತು. "ತಡೀರಿ!" ಎಂದು ಕೈ ಎತ್ತಿ ಮುಂಡರಗಿಗೆ ಹೊರಟರು. ಚಹಾದ ತಾಟು ಹೊಸ್ತಿಲಿಗೆ ಬರುವಷ್ಟರಲ್ಲಿ ಕರೆ ಕಟ್ಟಾಯಿತು. ಮತ್ತೆ ಮೊಳಗಿತು, ಮತ್ತೆ ಮೊದಲಿನಿಂದ ಹೊರಟರು. ಮೂರನೆಯ ಸಲಕ್ಕೆ ಎದುರು ಮನೆಯ ಬಾಗಿಲು ತೆರೆದು, ಕಿವಿಗೆ ಫೋನು ಹಿಡಿದ ಕಾಕೂ ಹೊರಗೆ ಬಂದರು.

"ಅಲ್ರೀ, ಗ್ಯಾಸಿನಾಂವ ಬಂದು ಹೊಳ್ಳಿ ಹೋದ. ಇನ್ನೂ ಎಷ್ಟೊತ್ತು ಕಾಟಿನ ಮ್ಯಾಲ ನಿಂದರ್ತೀರಿ?"