ವರ್ಷಕ್ಕೆ ನಾಲ್ಕು ಹೊಸ ವರ್ಷ

ಮುಂಬೈ ಬಳಿಯ ಡೊಂಬಿವಲಿಯ ಕನ್ನಡಿಗನಿಗೆ ಒಂದೇ ಹೊಸ ವರ್ಷ ಸಾಲುವುದಿಲ್ಲ. ಡಿಸೆಂಬರ್ 31ರ ನಡುರಾತ್ರಿ ಮುಂಬೈ ಬಂದರಿನ ಹಡಗುಗಳು ಹಾರ್ನ್ ಮೊಳಗಿಸಿದಾಗ ಮೊದಲನೆಯದು. ದಿನಾ ವಾಕಿಂಗ್ ಹೋಗುವ ಸಂಕಲ್ಪವೂ ಆಗಲೇ. ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ವಾಕಿಂಗ್ ಎಂದರೆ ಸ್ಟೇಷನ್ ಸೇತುವೆ ಹತ್ತಿಳಿಯುವುದಷ್ಟೇ!

ಚಿಂತೆಯಿಲ್ಲ, ಯುಗಾದಿ ಬರುತ್ತದೆ. ಅಂದೇ ಮರಾಠಿಗರ ಗುಡಿ ಪಾಡ್ವಾ. ಇಲ್ಲಿನ ಗಣೇಶ ಮಂದಿರ 1999ರಲ್ಲಿ ಆರಂಭಿಸಿದ ಸ್ವಾಗತ ಯಾತ್ರೆ ಫಡ್ಕೆ ರಸ್ತೆಯನ್ನು ತುಂಬುವಾಗ, ಬೇವು ಬೆಲ್ಲ ಮೆಲ್ಲುತ್ತ ಎರಡನೇ ಸಂಕಲ್ಪ. ಅದೂ ತಪ್ಪಿತೇ? ಏಪ್ರಿಲ್ ನಡುವೆ ತುಳುವರ ಬಿಸು ಇದೆ. ಅದೂ ಜಾರಿದರೆ ಪಕ್ಕದ ಮನೆಯ ಗುಜರಾತಿಗಳಿಗೆ ಕಾರ್ತಿಕದ ಪಾಡ್ಯದಂದು ಹೊಸ ವರ್ಷ. ಅವರ ಜೊತೆ ಸೇರಿಕೊಂಡರಾಯಿತು.

ಒಂದೇ ಅಪರಾಧಕ್ಕೆ ನಾಲ್ಕು ಸಲ ಜಾಮೀನು ಯಾವ ಕೋರ್ಟು ಕೊಟ್ಟೀತು?